ಜೀಪಿಗೆ ಡೀಸೆಲ್ ಇಂಜಿನ್ ಕೂಡಿಸೋ ಮುಂಚೆ ಮಾಡಬೇಕಾದ ಲೆಕ್ಕ

ಈ ಸಲ ಬೆಳಿ ಮಾತಿಲ್ಲ, ಗಾಡಿ ಮಾತು. ಸೋಯಾ ರಾಶಿ ಮುಗಿದು ಕೈಯಾಗ ನಾಲ್ಕು ದುಡ್ಡು ಬಂದ್ರೆ ನಮ್ಮ ಕಡೆ ಹುಡುಗರ ತಲೆಯೊಳಗೆ ಮೊದಲು ಬರೋದು ಗಾಡಿನೇ. ಈ ವರ್ಷ ಮನ್ನಳ್ಳಿ ಸುತ್ತಮುತ್ತಲಿನ ಮೂರು ಜನ ನನ್ನ ಹತ್ತಿರ ಒಂದೇ ಪ್ರಶ್ನೆ ತಗೊಂಡು ಬಂದರು. ಹಳೇ ಪೆಟ್ರೋಲ್ ಜೀಪು, ಇಲ್ಲಾ ಮಿಲಿಟರಿ ಲಿಲಾವಿನ ಜಿಪ್ಸಿ ಅಗ್ಗಕ್ಕೆ ಸಿಗ್ತದ, ಅದಕ್ಕ ಡೀಸೆಲ್ ಇಂಜಿನ್ ಕೂಡಿಸಿದ್ರ ಹೆಂಗ ಅಂತ. ಮೂವರಲ್ಲಿ ಒಬ್ಬ ನಮ್ಮ ಅಣ್ಣನ ಮಗನೇ. ನನ್ನನ್ನೇ ಯಾಕೆ ಕೇಳ್ತಾರೆ ಅಂದ್ರೆ, ಅಂಥದೊಂದು ಜೀಪು ನಮ್ಮ ಮನೆಯಲ್ಲಿ ಇಪ್ಪತ್ತು ವರ್ಷದ ಮೇಲೆ ದುಡಿದಿದೆ. ಒಬ್ಬೊಬ್ಬರಿಗೆ ಬೇರೆಬೇರೆ ಹೇಳೋದಕ್ಕಿಂತ ಎಲ್ಲರಿಗೂ ಸೇರಿಸಿ ಬರೆದರೆ ಆಯ್ತು ಅಂತ ಕುಂತೀನಿ. ಉದ್ದ ಆಗ್ತದ, ನಿಧಾನಕ್ಕೆ ಓದ್ರಿ.

ನಮ್ಮ ಹೊಲದ ದಾರಿ ನೋಡಿದವರಿಗೆ ನಾಲ್ಕು ಗಾಲಿ ಎಳೆಯೋ ಗಾಡಿ ಯಾಕೆ ಬೇಕು ಅಂತ ಹೇಳೋದು ಬೇಕಿಲ್ಲ. ಅರ್ಧ ದಾರಿ ಕೆಂಪು ಮಣ್ಣು, ಜಂಬಿಟ್ಟಿಗೆ ಕಲ್ಲು. ಅಲ್ಲಿ ಯಾವ ಗಾಡಿನೂ ಹೋಗ್ತದ. ನಾಲಾ ದಾಟಿದ ಮೇಲೆ ಎರಿ ಮಣ್ಣು. ಆಷಾಢದಿಂದ ಭಾದ್ರಪದದ ತನಕ ಆ ಎರಿಯೊಳಗೆ ಬೈಕ್ ಗಾಲಿಗೆ ಮಣ್ಣು ಮೆತ್ತಿ ತಿರುಗೋದೇ ನಿಲ್ತದ. ಟ್ರ್ಯಾಕ್ಟರ್ ಹೋಗ್ತದ ಖರೇ, ಆದ್ರೆ ಹತ್ತು ಚೀಲ ಗೊಬ್ಬರಕ್ಕೆ, ಎಂಟು ಮಂದಿ ಕಳೆ ಕೀಳೋರಿಗೆ ದಿನಾ ಟ್ರ್ಯಾಕ್ಟರ್ ಟ್ರೇಲರ್ ಹಚ್ಚೋಕೆ ಆಗೋದಿಲ್ಲ.

ಅಪ್ಪಾಜಿ ತಂದಿದ್ದು ಸರ್ಕಾರಿ ಇಲಾಖೆಯೊಂದರ ಲಿಲಾವಿನಲ್ಲಿ ಹಿಡಿದ ಮಹೀಂದ್ರಾ ಸಿಜೆ-3ಬಿ. ಬಾನೆಟ್ ಎತ್ತರ ಇರೋ ಜೀಪು ಅಂತ ನಮ್ಮ ಹಿರಿಯರು ಗುರುತು ಹಿಡಿತಿದ್ದರಲ್ಲ, ಅದೇ. ಬಾನೆಟ್ ಎತ್ತರ ಆಗಿದ್ದಕ್ಕೂ ಇಂಜಿನ್ನೇ ಕಾರಣ. ಅಮೆರಿಕದ ವಿಲ್ಲಿಸ್ ಕಂಪನಿ ಹಳೇ ಜೀಪಿನ ಇಂಜಿನ್ನಿಗೆ ಗಾಳಿ ಒಳಗೆ ಬಿಡೋ ವಾಲ್ವುಗಳನ್ನು ಮೇಲೆ ಹೆಡ್ಡಿನೊಳಗೆ ಇಟ್ಟು ‘ಹರಿಕೇನ್’ ಅಂತ ಹೊಸ ಇಂಜಿನ್ ಮಾಡಿತು. ಅದು ಹಳೇದಕ್ಕಿಂತ ಎತ್ತರ ಆಯ್ತು, ಹಳೇ ಬಾನೆಟ್ ಕೆಳಗೆ ಹಿಡಿಸಲಿಲ್ಲ, ಬಾನೆಟ್ಟನ್ನೇ ಎತ್ತರಿಸಿದರು. 2.2 ಲೀಟರಿನ ಪೆಟ್ರೋಲ್ ಇಂಜಿನ್, 4,000 ಸುತ್ತಿಗೆ ಸುಮಾರು 75 ಹಾರ್ಸ್ ಪವರ್. ಕೆಲಸದಲ್ಲಿ ಕೊರತೆ ಇರಲಿಲ್ಲ, ಕುಡಿಯೋದ್ರಲ್ಲೂ ಕೊರತೆ ಇರಲಿಲ್ಲ. ಅಪ್ಪಾಜಿಯ ವಹಿಯಲ್ಲಿ ಲೀಟರಿಗೆ ಏಳು-ಎಂಟು ಕಿಲೋಮೀಟರ್ ಅಂತ ಬರೆದಿದ್ದಾರೆ, ಅದೂ ಡಾಂಬರ್ ರೋಡಿನ ಲೆಕ್ಕ.

ಅದು ತೊಂಬತ್ತರ ದಶಕ. ಆಗ ಡೀಸೆಲ್ ಬೆಲೆ ಪೆಟ್ರೋಲಿನ ಅರ್ಧದ ಆಸುಪಾಸು ಇತ್ತು. ಹಾಗಾಗಿ ನಮ್ಮ ಭಾಗದಲ್ಲಿ ಹಳೇ ಪೆಟ್ರೋಲ್ ಜೀಪು ಹಿಡಿದವರೆಲ್ಲ ಒಂದೇ ದಾರಿ ಹಿಡಿತಿದ್ದರು, ಹಳೇ ಇಂಟರ್‌ನ್ಯಾಶನಲ್ ಬಿ-275 ಟ್ರ್ಯಾಕ್ಟರಿನ ಇಂಜಿನ್ ತಂದು ಕೂಡಿಸೋದು. ಇದು ಊರ ಮಿಸ್ತ್ರಿಗಳ ಕಸರತ್ತು ಅಷ್ಟೇ ಅಲ್ಲ, ಕಂಪನಿಯೂ ಇದನ್ನೇ ಮಾಡಿತ್ತು. 1963ರಲ್ಲಿ ಮಹೀಂದ್ರಾ, ಅಮೆರಿಕದ ಇಂಟರ್‌ನ್ಯಾಶನಲ್ ಹಾರ್ವೆಸ್ಟರ್ ಮತ್ತು ವೋಲ್ಟಾಸ್ ಕೂಡಿ ಟ್ರ್ಯಾಕ್ಟರ್ ಕಂಪನಿ ಕಟ್ಟಿದರು. ಬಿ-275 ಬಂದಿದ್ದು ಅಲ್ಲಿಂದ. ಅದೇ ಕುಲದ ಡೀಸೆಲ್ ಇಂಜಿನ್ ಮುಂದೆ ಮಹೀಂದ್ರಾ ಜೀಪಿನೊಳಗೂ ಕುಂತಿತು. ಅದಾದ ಮೇಲೆ ಫ್ರಾನ್ಸಿನ ಪ್ಯೂಜೋ ಡೀಸೆಲ್ ಬಂತು, ಎಂಎಂ-540 ಓಡಿಸಿದವರಿಗೆ ಅದರ ಸಪ್ಪಳ ಈಗಲೂ ಕಿವಿಯೊಳಗೆ ಇರಬೇಕು.

ಈಗ ಮುಖ್ಯ ಮಾತು. ‘ಡೀಸೆಲ್ ಅಂದ್ರ ತಾಕತ್ತು’ ಅಂತ ಹುಡುಗರು ಹೇಳ್ತಾರೆ. ಲೆಕ್ಕ ನೋಡ್ರಿ. ತೆಗೆದು ಹಾಕಿದ್ದು 75 ಹಾರ್ಸ್ ಪವರ್. ಕೂಡಿಸಿದ್ದು 35ರದು. ತಾಕತ್ತು ಅರ್ಧಕ್ಕಿಂತ ಕಡಿಮೆ ಆಯ್ತು. ಆದರೂ ಎರಿಯೊಳಗೆ ಆ ಜೀಪು ಮೊದಲಿಗಿಂತ ಛಲೋ ನಡೀತಿತ್ತು. ಹೆಂಗ?

ಗುಟ್ಟು ಗವರ್ನರಿನಲ್ಲಿದೆ. ಟ್ರ್ಯಾಕ್ಟರ್ ಇಂಜಿನ್ನಿನ ಪಂಪಿನೊಳಗೆ ಗವರ್ನರ್ ಇರ್ತದ. ನೀವು ಒಂದು ಸುತ್ತಿಗೆ ಇಟ್ಟು ಬಿಟ್ಟರೆ, ಭಾರ ಬಿದ್ದು ಸುತ್ತು ಇಳಿದಂಗೆಲ್ಲ ಅದು ತಾನೇ ಎಣ್ಣೆ ಹೆಚ್ಚು ಬಿಡ್ತದ, ಭಾರ ಇಳಿದರೆ ತಾನೇ ಕಡಿಮೆ ಮಾಡ್ತದ. ಪಲ್ಟಿ ನೇಗಿಲು ಹಚ್ಚಿದಾಗ ಗಟ್ಟಿ ಜಾಗ ಬಂದ್ರೆ ಟ್ರ್ಯಾಕ್ಟರ್ ಹೆಂಗೆ ತಾನೇ ‘ಗುರ್’ ಅಂದು ಎಳಿತದಲ್ಲ, ಅದೇ ಕೆಲಸ. ಪೆಟ್ರೋಲ್ ಜೀಪಿನಲ್ಲಿ ಇದನ್ನು ಕಾಲಿನಿಂದ ನಾವೇ ಮಾಡಬೇಕು. ರಾಡಿಯೊಳಗೆ ಕಾಲು ಸ್ವಲ್ಪ ಹೆಚ್ಚಾದ್ರೆ ಗಾಲಿ ತಿರುಗಿ ಕುಣಿ ತೋಡ್ತದ, ಕಡಿಮೆ ಆದ್ರೆ ಇಂಜಿನ್ ಬಂದ್. ಜೊತೆಗೆ ಡೀಸೆಲ್ಲಿಗೆ ಪ್ಲಗ್ಗಿಲ್ಲ, ಕಾಯಿಲ್ ಇಲ್ಲ, ಡಿಸ್ಟ್ರಿಬ್ಯೂಟರ್ ಇಲ್ಲ. ನಾಲಾ ನೀರು ಸಿಡಿದರೆ ಪೆಟ್ರೋಲ್ ಜೀಪು ಕೆಮ್ಮಿ ನಿಲ್ಲೋದು ಇದರಿಂದಲೇ.

ಇನ್ನೊಂದು ಲೆಕ್ಕ ಗೇರಿನದು. ಆ ಜೀಪಿನ ಕ್ರೌನ್-ಪಿನಿಯನ್ 5.38. ಅಂದ್ರೆ ಗಾಲಿ ಒಂದು ಸುತ್ತಲು ಮೇಲಿನ ಶಾಫ್ಟು ಐದು ಸುತ್ತಿನ ಮೇಲೆ ತಿರುಗಬೇಕು. 16 ಇಂಚಿನ ಜೀಪ್ ಟೈರು ಒಂದು ಸುತ್ತಿಗೆ ಸುಮಾರು ಎರಡೂಕಾಲು ಮೀಟರ್ ಮುಂದೆ ಹೋಗ್ತದ. ಪೆಟ್ರೋಲ್ ಇಂಜಿನ್ 4,000 ಸುತ್ತಿದಾಗ ಟಾಪ್ ಗೇರಿನಲ್ಲಿ ತಾಸಿಗೆ ಸುಮಾರು 100 ಕಿಲೋಮೀಟರ್ ಆಗ್ತದ. ಟ್ರ್ಯಾಕ್ಟರ್ ಇಂಜಿನ್ ತಿರುಗೋದೇ 2,000ದ ಆಸುಪಾಸು, ಹಾಗಾಗಿ ಅದೇ ಜೀಪಿಗೆ 50ಕ್ಕೆ ಉಸಿರು ಮುಗೀತದ. ರೋಡಿನ ಮೇಲೆ ಓಡಿಸಬೇಕು ಅನ್ನೋರು 4.27ರ ಕ್ರೌನ್-ಪಿನಿಯನ್ ಹಾಕಿಸ್ತಿದ್ದರು, ಆಗ 63ರ ತನಕ ಹೋಗ್ತದ. ಆದ್ರೆ ಮುಂದಿನ ಹೌಸಿಂಗೂ ಹಿಂದಿನ ಹೌಸಿಂಗೂ ಎರಡೂ ಬದಲಿಸಬೇಕು. ಒಂದೇ ಬದಲಿಸಿ ಫೋರ್ ವೀಲ್ ಹಾಕಿದ್ರೆ ಮುಂದಿನ ಗಾಲಿ ಒಂದು ವೇಗಕ್ಕೆ, ಹಿಂದಿನ ಗಾಲಿ ಇನ್ನೊಂದು ವೇಗಕ್ಕೆ ಎಳೆದಾಡಿ ಟ್ರಾನ್ಸ್‌ಫರ್ ಗೇರ್ ಒಡೀತದ.

ಅಪ್ಪಾಜಿ 5.38 ಅನ್ನೇ ಇಟ್ಟರು. ‘ಹೈದರಾಬಾದಿಗೆ ಹೋಗಾಕ ಬಸ್ಸದ, ಹೊಲಕ್ಕ ಹೋಗಾಕ ಇದು’ ಅಂತ ಅವರ ಮಾತು. ಲೋ ಗೇರ್, ಮೊದಲನೇ ಗೇರ್ ಹಾಕಿದ್ರೆ ಇಂಜಿನ್ 37 ಸುತ್ತಿಗೆ ಗಾಲಿ ಒಂದು ಸುತ್ತು. 800 ಸುತ್ತಿಗೆ ಇಟ್ಟು ಕಾಲು ತೆಗೆದರೆ ತಾಸಿಗೆ ಮೂರು ಕಿಲೋಮೀಟರಿಗೆ ನಡೀತದ, ಎತ್ತಿನ ಹೆಜ್ಜೆ. ಕಬ್ಬಿನ ಬೀಜ ಸಾಲಿಗೆ ಹಾಕುವಾಗ ಸ್ಟೇರಿಂಗಿಗೆ ನನ್ನನ್ನು ಕೂಡಿಸಿ, ಹಿಂದಿನಿಂದ ಇಬ್ಬರು ಕಂತೆ ಇಳಿಸ್ತಾ ಬರೋರು. ಯಾರೂ ನಿಲ್ಲಿಸು-ನಡೆಸು ಅನ್ನೋ ಹಂಗೇ ಇರಲಿಲ್ಲ.

ಇದರಿಂದ ನಾನು ತಿಳಕೊಂಡಿದ್ದು ಒಂದೇ. ಇಂಜಿನ್ ಬದಲಿಸಿದ್ರೆ ಗಾಡಿ ಮಾಡೋ ಕೆಲಸನೇ ಬದಲಾಗ್ತದ. ಆ ಕೆಲಸ ನಿಮಗೆ ಬೇಕಾದ ಕೆಲಸ ಹೌದೋ ಅಲ್ಲೋ, ಮೊದಲು ಅದು ಗೊತ್ತಿರಬೇಕು. ಅಪ್ಪಾಜಿಗೆ ಗೊತ್ತಿತ್ತು.

ಹಂಗಂತ ಎಲ್ಲ ಸಲೀಸಾಗಿ ಆಗಲಿಲ್ಲ. ಮೊದಲನೇ ಮಳೆಗೆ ವೈಪರ್ ನಿಂತಿತು. ಹಳೇ ಜೀಪಿನ ವೈಪರ್ ಕರೆಂಟಿನಿಂದ ನಡೆಯೋದಲ್ಲ, ಪೆಟ್ರೋಲ್ ಇಂಜಿನ್ ಗಾಳಿ ಎಳೆಯುವಾಗ ಹುಟ್ಟೋ ವ್ಯಾಕ್ಯೂಮಿನಿಂದ ನಡೀತದ. ಡೀಸೆಲ್ಲಿಗೆ ಗಾಳಿ ತಡೆಯೋ ಬಾಗಿಲೇ ಇರೋದಿಲ್ಲ, ವ್ಯಾಕ್ಯೂಮ್ ಎಲ್ಲಿಂದ ಬರಬೇಕು? ಆ ವರ್ಷ ಪೂರ್ತಿ ಒಂದು ಕೈ ಸ್ಟೇರಿಂಗಿಗೆ, ಒಂದು ಕೈ ವೈಪರಿನ ಹಿಡಿಕೆಗೆ. ಇದು ನಗೋ ಮಾತು ಅನಿಸ್ತದ, ಆದ್ರೆ ಇದೇ ವ್ಯಾಕ್ಯೂಮಿನ ಮೇಲೆ ಈಗಿನ ಗಾಡಿಗಳ ಬ್ರೇಕ್ ಬೂಸ್ಟರ್ ನಡೀತದ. ಪೆಟ್ರೋಲ್ ಗಾಡಿಗೆ ಡೀಸೆಲ್ ಕೂಡಿಸಿ ವ್ಯಾಕ್ಯೂಮ್ ಪಂಪ್ ಕೂಡಿಸದೆ ಬಿಟ್ಟರೆ ಬ್ರೇಕ್ ಕಲ್ಲಿನಂಗೆ ಗಟ್ಟಿಯಾಗ್ತದ. ಖಾಲಿ ಗಾಡಿಗೆ ಗೊತ್ತಾಗೋದಿಲ್ಲ. ಮಂದಿ ತುಂಬಿಕೊಂಡು ಇಳಿಜಾರಿನಲ್ಲಿ ಬಂದಾಗ ಗೊತ್ತಾಗ್ತದ.

ಆಮೇಲೆ ಕ್ಲಚ್. ಟ್ರ್ಯಾಕ್ಟರ್ ಇಂಜಿನ್ನಿಗೂ ಜೀಪಿನ ಗೇರ್ ಬಾಕ್ಸಿಗೂ ನಡುವೆ ಲೇತಿನಲ್ಲಿ ಕಡೆದ ಅಡಾಪ್ಟರ್ ಪ್ಲೇಟ್ ಹಾಕ್ತಾರೆ. ಇಂಜಿನ್ ಕ್ರ್ಯಾಂಕಿನ ನಡು, ಗೇರ್ ಬಾಕ್ಸ್ ಶಾಫ್ಟಿನ ನಡು ಒಂದೇ ಗೆರೆಗೆ ಬರಬೇಕು. ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಆಚೀಚೆ ಆದ್ರೆ ಅದರ ಮೇಲೆ ಕ್ಷಮೆ ಇಲ್ಲ. ನಮ್ಮ ಮೊದಲನೇ ಪ್ಲೇಟು ಕಣ್ಣಳತೆಯದು. ಆರು ತಿಂಗಳಿಗೆ ಎರಡು ಬೇರಿಂಗ್, ಒಂದು ಕ್ಲಚ್ ಪ್ಲೇಟ್ ತಿಂತು. ಗಡಿ ಆಚೆ ಬೇರೊಬ್ಬ ಮಿಸ್ತ್ರಿ ಡಯಲ್ ಗೇಜ್ ಇಟ್ಟು ಅಳೆದು ಎರಡನೇ ಪ್ಲೇಟು ಮಾಡಿಕೊಟ್ಟ ಮೇಲೆ ಆ ತಕರಾರು ಮತ್ತೆ ಬರಲಿಲ್ಲ. ಡೀಸೆಲ್ ಭಾರಕ್ಕೆ ಮುಂದಿನ ಕಮಾನಿಗೆ ಒಂದು ಪ್ಲೇಟ್ ಹೆಚ್ಚಿಗೆ, ದೊಡ್ಡ ಬ್ಯಾಟರಿ, ಇಂಜೆಕ್ಟರಿನಿಂದ ಟ್ಯಾಂಕಿಗೆ ಎಣ್ಣೆ ವಾಪಸ್ ಹೋಗೋ ಪೈಪ್. ಹೀಗೆ ಒಂದೊಂದಾಗಿ ಸೇರಿ ಖರ್ಚು ಹೇಳಿದ್ದಕ್ಕಿಂತ ಒಂದೂವರೆ ಪಟ್ಟು ಆಯ್ತು.

ಒಂದು ಕೆಲಸ ಮಾತ್ರ ಅಪ್ಪಾಜಿ ಮೊದಲೇ ಮಾಡಿದ್ದರು. ಇಂಜಿನ್ ಕೂಡಿಸೋ ಮುಂಚೆ ಆರ್‌ಟಿಒ ಕಚೇರಿಗೆ ಅರ್ಜಿ ಕೊಟ್ಟು, ಒಪ್ಪಿಗೆ ತಗೊಂಡು, ಆರ್‌ಸಿಯಲ್ಲಿ ‘ಡೀಸೆಲ್’ ಅಂತ ಬರೆಸಿ, ಹೊಸ ಇಂಜಿನ್ ನಂಬರ್ ಹಾಕಿಸಿದ್ದರು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಆಗ ಹಂಗೇ ಇತ್ತು. ತಿಳಿಸಿ, ಒಪ್ಪಿಗೆ ಪಡೆದು ಬದಲಾವಣೆ ಮಾಡಬಹುದಿತ್ತು.

ಈಗ ನಮ್ಮ ಅಣ್ಣನ ಮಗನ ಮಾತಿಗೆ ಬರ್ತೀನಿ. ಅವನು ನೋಡಿ ಬಂದಿದ್ದು ಜಿಪ್ಸಿ, 1.3 ಲೀಟರಿಂದು. ಜಿಪ್ಸಿ 1985ರಿಂದ ಮೂವತ್ತು ವರ್ಷದ ಮೇಲೆ ಬಂತು, ಕಂಪನಿಯಿಂದ ಮಾರಾಟಕ್ಕೆ ಬಂದಿದ್ದು ಪೆಟ್ರೋಲಿನಲ್ಲೇ. ಅದಕ್ಕೆ ಹಳೇ ಸ್ವಿಫ್ಟ್ ಡೀಸೆಲ್ ಇಂಜಿನ್ ಕೂಡಿಸ್ತೀನಿ, ಎಲ್ಲ ಸೇರಿ ಒಂದೂವರೆ ಲಕ್ಷ ಅಂತ ಒಬ್ಬ ಮಿಸ್ತ್ರಿ ಹೇಳಿದ್ದಾನೆ.

‘ಕಾಕಾ, ಮುತ್ಯಾ ಮಾಡಿದ್ದೇ ನಾ ಮಾಡ್ಲತ್ತೀನಿ. ನೀವ್ಯಾಕ ಬ್ಯಾಡ ಅಂತೀರಿ?’ ಅಂದ.

ನಾನು ಬ್ಯಾಡ ಅನ್ನಲಿಲ್ಲ. ಕಾಗದ-ಪೆನ್ನು ತಗೊಂಡು ಬಾ ಅಂದೆ.

ಮೊದಲನೇದು ಎಳೆತ. ಜಿಪ್ಸಿಯ ಇಂಜಿನ್ ಎಳೆತ ನೂರರ ಆಸುಪಾಸು ನ್ಯೂಟನ್ ಮೀಟರ್. ಗೇರ್ ಬಾಕ್ಸು, ಶಾಫ್ಟು, ಹೌಸಿಂಗು ಎಲ್ಲ ಅಷ್ಟಕ್ಕೇ ಅಳೆದು ಮಾಡಿದ್ದು. ಸ್ವಿಫ್ಟ್ ಡೀಸೆಲ್ಲಿನದು 190. ಮುತ್ಯಾ ಅರ್ಧ ತಾಕತ್ತಿನ ಇಂಜಿನ್ ಕೂಡಿಸಿದ್ರು, ಇವನು ಹೆಚ್ಚುಕಡಿಮೆ ಎರಡು ಪಟ್ಟು ಎಳೆತದ್ದು ಕೂಡಿಸಬೇಕು ಅಂತಾನೆ. ಎರಿಯೊಳಗೆ ಗಾಲಿ ಹೂತು, ಭಾರ ತುಂಬಿ, ಲೋ ಗೇರಿನಲ್ಲಿ ಎಳೆದಾಗ ಮುರಿಯೋದು ಇಂಜಿನ್ ಅಲ್ಲ, ಅದರ ಹಿಂದಿಂದು. ಅದೂ ಅಲ್ಲದೆ ಆ ಇಂಜಿನ್ ಕಂಪ್ಯೂಟರ್ ಇಟ್ಟು ನಡೆಯೋದು. ಮೂಲ ಕಾರಿನಲ್ಲಿ ಅಡ್ಡ ಕೂತಿರ್ತದ, ಜಿಪ್ಸಿಯಲ್ಲಿ ಉದ್ದ ಕೂಡಿಸಬೇಕು. ವೈರಿಂಗಿನ ಒಂದು ಎಳೆ ತಪ್ಪಿದ್ರೆ ಹೊಲದ ನಡುವೆ ನಿಲ್ತದ, ಅಲ್ಲಿ ಪಾನಾ-ಸುತ್ತಿಗೆ ಹಿಡಿದು ಏನೂ ಮಾಡೋಕೆ ಆಗೋದಿಲ್ಲ.

ಎರಡನೇದು ದುಡ್ಡು. ತಿಂಗಳಿಗೆ 300 ಕಿಲೋಮೀಟರ್ ಓಡ್ತದ ಅಂತ ಅವನೇ ಹೇಳಿದ. ಪೆಟ್ರೋಲಿನಲ್ಲಿ ಲೀಟರಿಗೆ 10 ಕೊಟ್ಟರೆ 30 ಲೀಟರ್. ಡೀಸೆಲ್ಲಿನಲ್ಲಿ 14 ಕೊಟ್ಟರೆ ಇಪ್ಪತ್ತೊಂದೂವರೆ ಲೀಟರ್. ಪೆಟ್ರೋಲ್ 103, ಡೀಸೆಲ್ 91 ಅಂತ ಹಿಡಿದೆವು. ತಿಂಗಳ ಉಳಿತಾಯ ಸುಮಾರು 1,130 ರೂಪಾಯಿ. ಒಂದೂವರೆ ಲಕ್ಷ ವಾಪಸ್ ಬರೋಕೆ ಹನ್ನೊಂದು ವರ್ಷ! ಅದೂ ನಡುವೆ ಏನೂ ಮುರಿಯದಿದ್ದರೆ. ಅಪ್ಪಾಜಿ ಕಾಲದಲ್ಲಿ ಬೆಲೆಯಲ್ಲಿ ಅರ್ಧದ ಅಂತರ ಇತ್ತು. ಸರ್ಕಾರ 2010ರಲ್ಲಿ ಪೆಟ್ರೋಲ್ ದರ, 2014ರಲ್ಲಿ ಡೀಸೆಲ್ ದರ ಮಾರುಕಟ್ಟೆಗೆ ಬಿಟ್ಟಿತು. ಆ ಅಂತರ ಈಗ ಇಲ್ಲ.

ಮೂರನೇದು ಕಾನೂನು. 52ನೇ ಕಲಮಿಗೆ 2000ದಲ್ಲಿ ತಿದ್ದುಪಡಿ ಆಯ್ತು. ಕಂಪನಿ ಹೇಳಿದ ಮೂಲ ವಿವರಕ್ಕೆ ಆರ್‌ಸಿ ಬೇರೆ ಆಗುವಂಥ ಬದಲಾವಣೆ ಮಾಡಬಾರದು ಅಂತ ಬಂತು. ಸಿಎನ್‌ಜಿ, ಎಲ್‌ಪಿಜಿ, ಬ್ಯಾಟರಿ ಹೀಗೆ ಬೇರೆ ಇಂಧನಕ್ಕೆ ನಿಯಮದ ಪ್ರಕಾರ ಮಂಜೂರಾದ ಕಿಟ್ ಹಾಕಿಸಲು ದಾರಿ ಇದೆ. ಇನ್ನೊಂದು ಕಾರಿನ ಇಂಜಿನ್ ತಂದು ಮಿಸ್ತ್ರಿ ಕಡೆ ಕೂಡಿಸೋದು ಕಿಟ್ ಅಲ್ಲ. ಕೇರಳದಿಂದ ಹೋದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಮೂಲ ವಿವರ ಬದಲಿಸುವಂತಿಲ್ಲ ಅಂತ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಕಲಮು ಬಂತು. ಅನುಮತಿ ಇಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲಾ ಆರು ತಿಂಗಳ ತನಕ ಜೈಲು, ಇಲ್ಲಾ ಎರಡೂ. ಮುತ್ಯಾ ಹೋದ ಬಾಗಿಲು ಮೊಮ್ಮಗನಿಗೆ ಮುಚ್ಚಿದೆ.

ಹುಡುಗ ಸುಮ್ಮನಾಗಲಿಲ್ಲ. ‘ಹೊಲದಾಗ ಓಡಿಸ್ತೀನಿ, ಯಾರು ಹಿಡೀತಾರ?’ ಅಂದ. ಅಲ್ಲೇ ತೊಗರಿ ಆರಿಸ್ತಾ ಕುಂತಿದ್ದ ನಮ್ಮ ವೈನಿ, ಅವನ ಅವ್ವ, ತಲೆ ಎತ್ತಿ ನೋಡಿದಳು.

‘ಹೊಲ ಮನಿಯೊಳಗ ಅದ ಏನೋ? ನಡುವ ಡಾಂಬರ್ ರೋಡ್ ದಾಟಂಗಿಲ್ಲೇನು? ಕಳಿ ಕೀಳಾಕ ಬರೋ ಹೆಣ್ಮಕ್ಕಳು ಎಂಟು ಮಂದಿ ಹಿಂದ ಕುಂತಿರ್ತಾರ. ಗಾಡಿ ಪಲ್ಟಿ ಆಯ್ತು ಅಂದ್ರ ಅವರ ಮನಿಗೆ ಹೋಗಿ ಯಾರು ನಿಲ್ಲಬೇಕು? ನೀನೋ, ಮಿಸ್ತ್ರಿನೋ?’

ಆ ಮಾತಿಗೆ ನಮ್ಮಿಬ್ಬರ ಹತ್ತಿರವೂ ಉತ್ತರ ಇರಲಿಲ್ಲ. ನಾನು ಎರಡು ಹಾಳೆ ತುಂಬ ಲೆಕ್ಕ ಬರೆದಿದ್ದೆ, ಅವಳು ಒಂದೇ ಮಾತಿನಲ್ಲಿ ಮುಗಿಸಿದಳು. ವಿಮೆಯ ಕಾಗದದಲ್ಲಿ ಪೆಟ್ರೋಲ್ ಅಂತಿದ್ದು, ಬಾನೆಟ್ ಕೆಳಗೆ ಡೀಸೆಲ್ ಇದ್ದರೆ, ಅಪಘಾತ ಆದ ದಿನ ಕ್ಲೇಮು ತಕರಾರಿಗೆ ಬೀಳ್ತದ. ಇಂಜಿನ್ ನಂಬರೇ ಕೂಡೋದಿಲ್ಲ. ಆಗ ಹೊಲ ಮಾರಿ ಕೊಡಬೇಕಾಗಬಹುದು. ಕೊಟ್ಟರೂ ಹೋದ ಜೀವ ಬರೋದಿಲ್ಲ. ಮಂದಿ ಕೂಡಿಸ್ಕೊಂಡು ಹೋಗೋ ಗಾಡಿಗೆ ಆಸನ ಎಷ್ಟು, ಎಷ್ಟು ಮಂದಿಗೆ ವಿಮೆ ಅನ್ನೋದನ್ನೂ ಆವತ್ತೇ ತೆಗೆದು ನೋಡಿದೆವು. ನೀವೂ ಇವತ್ತು ನಿಮ್ಮ ಗಾಡಿಯ ಕಾಗದ ತೆಗೆದು ನೋಡ್ರಿ.

ಹುಡುಗ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ತಾನೇ ಬಂದು ‘ಕಾಕಾ, ಕಂಪನಿಯಿಂದಲೇ ಡೀಸೆಲ್ ಆಗಿ ಬಂದ ಹಳೇ ಫೋರ್ ವೀಲ್ ನೋಡಮು’ ಅಂದ. ಈಗ ನೋಡ್ಲತ್ತೀವಿ. ಭಾಲ್ಕಿ ಕಡೆ ಒಂದು ಎಂಎಂ-540 ಇದೆ ಅಂತ ಸುದ್ದಿ. ಜಿಪ್ಸಿಗಿಂತ ಭಾರ, ಸಪ್ಪಳ ಹೆಚ್ಚು, ನೋಡೋಕೆ ಚಂದ ಇಲ್ಲ ಅಂತ ಅವನ ತಕರಾರು ಇನ್ನೂ ಇದೆ. ಆದ್ರೆ ಆರ್‌ಸಿಯಲ್ಲಿ ಡೀಸೆಲ್ ಅಂತಲೇ ಇದೆ, ಗೇರು-ಹೌಸಿಂಗು ಆ ಇಂಜಿನ್ನಿಗೇ ಹುಟ್ಟಿದ್ದು.

ಇನ್ನುಳಿದ ಇಬ್ಬರಿಗೂ, ಓದುತ್ತಿರೋ ನಿಮಗೂ ನಾಲ್ಕು ಮಾತು.

ಪೆಟ್ರೋಲ್ ಜೀಪು ಈಗಾಗಲೇ ಮನೆಯಲ್ಲಿದ್ದು ಇಂಜಿನ್ ಸವೆದಿದ್ದರೆ, ಅದೇ ಇಂಜಿನ್ ಬಿಚ್ಚಿ ಬೋರ್ ಮಾಡಿಸಿ, ಇಲ್ಲಾ ಅದೇ ಕಂಪನಿಯ ಅದೇ ಮಾದರಿಯ ಇಂಜಿನ್ ಹಾಕಿಸಿ. ಹಾಕಿಸೋ ಮುಂಚೆ ಆರ್‌ಟಿಒ ಕಚೇರಿಯಲ್ಲಿ ಕೇಳಿ, ನಂಬರ್ ಬದಲಾದ್ರೆ ಆರ್‌ಸಿಯಲ್ಲಿ ಬರೆಸಿ.

ಇಂಜಿನ್ ಬದಲಿಸಿದ ಹಳೇ ಜೀಪು ಕೊಳ್ಳೋಕೆ ಹೊರಟಿದ್ದರೆ, ಬಾನೆಟ್ ತೆಗೆದು ಇಂಜಿನ್ ಮೇಲಿನ ನಂಬರ್ ಆರ್‌ಸಿ ಜೊತೆ ಕೂಡಿಸಿ ನೋಡ್ರಿ. ಕೂಡದಿದ್ದರೆ ಬೆಲೆ ಎಷ್ಟೇ ಕಡಿಮೆ ಇರಲಿ, ವಾಪಸ್ ಬರ್ರಿ.

ಕಾಗದ ಸರಿ ಇದ್ದ ಹಳೇ ಬದಲಿ ಜೀಪು ಮನೆಯಲ್ಲಿದ್ದರೆ, ಮಳೆಗಾಲಕ್ಕೆ ಮುಂಚೆ ಇಂಜಿನ್ ಕೂತ ಜಾಗದಲ್ಲಿ ಚಾಸಿ ಬಿರುಕು ಬಿಟ್ಟಿದೆಯಾ ನೋಡ್ರಿ, ಡೀಸೆಲ್ ನಡುಕಕ್ಕೆ ಮೊದಲು ಬಿಡೋದು ಅಲ್ಲೇ. ಅಡಾಪ್ಟರ್ ಪ್ಲೇಟಿನ ಬೋಲ್ಟು ಬಿಗಿಸ್ರಿ. ಬ್ರೇಕಿಗೆ ಬೂಸ್ಟರ್ ಇದ್ದರೆ ವ್ಯಾಕ್ಯೂಮ್ ಪಂಪಿನ ಪೈಪು ಒಣಗಿ ಒಡೆದಿದೆಯಾ ಕೈ ಹಾಕಿ ನೋಡ್ರಿ. ಇಂಜಿನ್ ಬಂದ್ ಮಾಡೋ ಎಳೆ ತುಕ್ಕು ಹಿಡಿದಿದ್ದರೆ ಇವತ್ತೇ ಬದಲಿಸ್ರಿ. ಡೀಸೆಲ್ಲಿಗೆ ಚಾವಿ ತೆಗೆದರೆ ನಿಲ್ಲೋ ಗುಣ ಇಲ್ಲ, ಎಣ್ಣೆ ಕಡಿದರೇನೇ ನಿಲ್ಲೋದು.

ನಮ್ಮ ಜೀಪು ಈಗಲೂ ಇದೆ. ಐದೈದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಣ ಮಾಡಿಸ್ತೀವಿ. ಅಡಾಪ್ಟರ್ ಪ್ಲೇಟು, ಗವರ್ನರು ಕಣ್ಣಾರೆ ನೋಡಬೇಕು ಅನ್ನೋರು ಬರ್ರಿ, ಬಾನೆಟ್ ತೆಗೆದು ತೋರಿಸ್ತೀನಿ. ಬರುವಾಗ ನಿಮ್ಮ ಗಾಡಿಯ ಆರ್‌ಸಿ, ವಿಮೆ ಎರಡೂ ತಗೊಂಡು ಬರ್ರಿ, ಕೂತು ಓದಮು. ಮುಂದಿನ ಸಲ ತೊಗರಿ ಮಾತು.